ಕೊರಿನಾ ಮುಳುಗಿದ ಜಾಗ

ಕೊರಿನಾದಲ್ಲಿ ಸತ್ತವರಿಗೆ ಅಂತ ಕಡಲಿಗೆ ಬಿಡೋಕೆ ಮೇಷ್ಟ್ರು, ಮಿಸ್ ಪ್ಯೂ ತಂದ ಹೂಚಕ್ರದ ಮೇಲೆ ಬಂಗುಡೆ ನೀರು ಹರಿದಿದೆ, ಹರೀಲಿ, ಕೆಂಪು ಕಾಗದದ ಹೂವೆಲ್ಲ ನಾರಲಿ, ಇದು ಏಡಿ ಹಿಡಿಯೋ ದೋಣಿ, ಇವರ ಚಾಪೆಲಿನ ಬೆಂಚಲ್ಲ, ಬೆಳಿಗ್ಗೆ ತೊಳೀಬಹುದಿತ್ತು, ತೊಳೀಲಿಲ್ಲ, ಬೇಕಂತಲೇ — ತುದುರ್ ಮೇಷ್ಟ್ರು ಮೂಗಿಗೆ ಕರವಸ್ತ್ರ ಒತ್ತಿದ್ದಾರೆ, ಗೆಥಿನ್, ಇಲ್ಲಿ ಮೀನು ಸಾಯ್ತವೋ, ಸತ್ತ ಮೇಲೆ ಇಲ್ಲಿಗೆ ಬರ್ತವೋ, ನಗ್ತಾರೆ, ನಗಲಿ, ನಿನ್ನ ತಲೆಗೆ ಭೂಗೋಳ ಹತ್ತಲ್ಲ ಕಣೋ, ಹೋಗಿ ಏಡಿ ಹಿಡಿ ಅಂದ ಬಾಯಿ ಇದೇ, ನನಗಾಗ ಹದಿನೈದು, ಹೋದೆ, ಏಳು ವರ್ಷದಿಂದ ಹಿಡೀತಿದೀನಿ. ಅವರ ತೊಡೆ ಮೇಲೆ ಅವರೇ ಬರೆದ ಪುಸ್ತಕ, ನಮ್ಮ ಕರಾವಳಿಯ ಚರಿತ್ರೆ, ಆ ಒಂದು ಪುಟ ನನಗೆ ಬಾಯಿಪಾಠ — ನಲವತ್ತೊಂದರ ಫೆಬ್ರವರಿ, ಯುದ್ಧ, ವಿಮಾನಕ್ಕೆ ಬೆಳಕು ಕಾಣದ ಹಾಗೆ ಊರಿನ ಕಿಟಕಿಗೆಲ್ಲ ಕಪ್ಪು ಪರದೆ, ಕಲ್ಲಿದ್ದಲು ಹೊತ್ತ ಕೊರಿನಾ ಹಡಗು ದಡದಲ್ಲಿ ಕಂಡ ಒಂದೇ ಒಂದು ದೀಪವನ್ನ ಬಂದರಿನದು ಅಂತ ನಂಬಿ ಬಂಡೆಗೆ ಬಡಿಯಿತು, ಹದಿನಾಲ್ಕು ಜನ ಸತ್ತರು, ಬದುಕಿದವನೊಬ್ಬ, ಬಡಿಯೋವರೆಗೂ ದೀಪ ನಮ್ಮ ಮೂಗಿನ ನೇರಕ್ಕೇ ಇತ್ತು ಅಂದ. ಅದರ ಕೆಳಗಿನ ಸಾಲು, ಆ ದೀಪ ಮೀನುಗಾರನೊಬ್ಬನ ಮನೆಯದೆಂದು ತಿಳಿದುಬಂತು. ತಿಳಿದುಬಂತು! ಯಾರಿಗೆ? ಆ ಮನೆ ನಮ್ಮದು. ನೈನ್‌ಗೆ, ನನ್ನ ಅಪ್ಪನ ಅಮ್ಮನಿಗೆ, ಪರದೆ ಹರಿದಿದೆ ಅಂತ ಹಿಂದಿನ ವಾರ ಕಾವಲಿನವನು ಬೈದು ಹೋಗಿದ್ದ, ಊರಿಗೆ ಅಷ್ಟೇ ಸಾಕಾಯ್ತು, ಭಾನುವಾರ ಚಾಪೆಲಿನಲ್ಲಿ ಅವಳನ್ನ ಎಲ್ಲರ ಮುಂದೆ ನಿಲ್ಲಿಸಿದರು, ಮಿಸ್ ಪ್ಯೂನ ಅಪ್ಪ ಹಿರಿಯರ ಪೀಠದಿಂದ ಎದ್ದು, ಈ ಲೌರಿ ಪಾರಿಯನ್ನ ಸಭೆಯಿಂದ ಕಡಿದುಹಾಕಲು ಒಪ್ಪುವವರು ಕೈ ಎತ್ತಿ, ಎತ್ತಿದರು, ಊರಿಗೆ ಊರೇ, ಹತ್ತೊಂಬತ್ತರ ಮಿಸ್ ಪ್ಯೂ ಕೂಡ, ಬಿಳಿ ಕೈಗವಸು ಹಾಕಿದ್ದಳು ಕಣೋ, ಅಂತಾಳೆ ನೈನ್. ಮೂವತ್ತೆಂಟು ವರ್ಷ ಆ ಬಾಗಿಲು ತುಳಿದಿಲ್ಲ, ಅಜ್ಜನನ್ನ ಹೂಳೋವಾಗಲೂ ಗೋಡೆ ಆಚೆ ನಿಂತು ನೋಡಿದಳಂತೆ, ಈಗ ಹಾಸಿಗೆ ಹಿಡಿದಿದಾಳೆ, ಸಾರೂ ಗಂಟಲಲ್ಲಿ ಇಳೀತಿಲ್ಲ, ಕೇಳಿದ್ದು ಒಂದೇ, ಚಾಪೆಲಿನ ಅಂಗಳದಲ್ಲಿ ನಿಮ್ಮಜ್ಜನ ಪಕ್ಕ ಆರಡಿ ಮಣ್ಣು. ಟೋಪಿ ಕೈಲಿ ಹಿಡಿದು ಹೋದೆ. ತನ್ನಪ್ಪನ ಪೀಠದಲ್ಲಿ ಈಗ ಕೂರೋಳು ಈ ಮಿಸ್ ಪ್ಯೂ. ನೋಡೋಣಪ್ಪ, ಸತ್ತವರ ಮನೆಯವರಿಗೆ ನೋವಾಗಬಾರದಲ್ಲ, ಅಂದಳು, ಟೀ ಕುಡೀತೀಯಾ, ಅಂದಳು. ಟೀ!

ಬಂದರಿನ ಬಾಯಿ ದಾಟಿತು, ಚುಕ್ಕಾಣಿ ಎಡಕ್ಕೆ. ಏ, ಏ, ಬಲಕ್ಕೆ ಕಣೋ, ಏಳು ವರ್ಷ ಕಡಲಲ್ಲಿದ್ದೂ ಎಡ ಬಲ ಗೊತ್ತಾಗಲ್ವಾ, ಕೂತ್ಕೊಳಿ ಮೇಷ್ಟ್ರೇ, ಇವತ್ತು ಪಾಠ ನಂದು. ಅಲ್ಲೀವರೆಗೂ ಬಿಸಿಲು ಚೆನ್ನಾಗಿದೆ, ಗಾಳಿ ಚೆನ್ನಾಗಿದೆ ಅಂತಿದ್ದ ಮಿಸ್ ಪ್ಯೂ ಗಪ್‌ಚಿಪ್, ಮುಂದಿನ ಹಲಗೆ ಮೇಲೆ, ನನಗೆ ಕಾಣೋದು ಕತ್ತು, ಎತ್ತಿ ಕಟ್ಟಿದ ನರೆಗೂದಲು, ಅದರ ಕೆಳಗೆ ಬಿಳೀ ಕತ್ತು. ಪುಸ್ತಕದಲ್ಲಿ ಕೊರಿನಾ ಮುಳುಗಿದ್ದು ಬಲಗಡೆ, ಕಡಲಿಗೆ ಚಾಚಿದ ಗುಡ್ಡದ ಪಡುವಣಕ್ಕೆ, ನಮ್ಮ ಮನೆ ಎದುರಿಗೆ, ಯಾಕಂದ್ರೆ ಹೆಣ ಅಲ್ಲಿ ತೇಲಿ ಬಂದವು, ಹೆಣ ಸೆಳೆತ ಎಳೆದಲ್ಲಿಗೆ ಹೋಗ್ತವೆ ಮೇಷ್ಟ್ರೇ, ಅಷ್ಟೂ ಹೇಳಲ್ವಾ ನಿಮ್ಮ ಭೂಗೋಳ? ಹೋದ ತಿಂಗಳು ಗುಡ್ಡದ ಮೂಡಣಕ್ಕೆ ನನ್ನ ಏಡಿಬುಟ್ಟಿಯ ಹಗ್ಗ ತಳದಲ್ಲಿ ಸಿಕ್ಕಿಬಿತ್ತು, ಅಂಗೈ ಸುಲಿಯೋ ತನಕ ಎಳೆದೆ, ಬಂದದ್ದು ಹಿತ್ತಾಳೆ ತಗಡು, ಉಜ್ಜಿದೆ, ಕೊರಿ, ಮುಂದಿನ ಅಕ್ಷರ ಕಡಲು ತಿಂದಿದೆ. ಎಲ್ಲಿ ಅಂತ ಗುರುತು ಹಾಕಿಕೊಂಡೆ ನಮ್ಮೋರು ಹಾಕೋ ಹಾಗೆ, ದಡದ ಎರಡೆರಡು ಗುರುತು ಒಂದೇ ನೇರಕ್ಕೆ ತಂದು, ಚಾಪೆಲಿನ ತುದಿ ಕರಿಬಂಡೆ ಮೇಲೆ ಕೂರಬೇಕು, ಸುಣ್ಣದ ಗೂಡು ಕುರಿದೊಡ್ಡಿ ಗೋಡೆಗೆ ತಾಗಬೇಕು — ಕೂತಿತು, ತಾಗಿತು, ದೋಣಿಯ ಮೂತಿ ಕಡಲಿಗೆ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಕೊರಿನಾ ನಮ್ಮ ಕಾಲ ಕೆಳಗಿದೆ, ಹಿಂದೆ ತಿರುಗಿ, ನಮ್ಮ ಮನೆ ತೋರಿಸಿ ಮೇಷ್ಟ್ರೇ. ತಿರುಗಿದರು, ಕನ್ನಡಕ ಒರೆಸಿದರು, ಗುಡ್ಡ ಅಡ್ಡ ಬಂತಲ್ಲೋ. ಹಾಗಾದ್ರೆ ಏನು ಕಾಣುತ್ತೆ, ಕುರಿ, ಗೋಡೆ, ಒಂದು ಮನೆ, ಒಂದೇ, ಮಹಡಿ ಕಿಟಕಿ ಮೂಗಿನ ನೇರಕ್ಕೆ, ಯಾರ ಮನೆ ಮೇಷ್ಟ್ರೇ, ಜೋರಾಗಿ ಹೇಳಿ, ಕ್ಲಾಸಿಗೆಲ್ಲ ಕೇಳಲಿ. ಪುಸ್ತಕ ಮುಚ್ಚಿದರು. ಮಿಸ್ ಪ್ಯೂ, ನಿಮ್ಮನೆಯ ಆ ಕೋಣೆ ಯಾರದು, ಅಪ್ಪನದಾ, ನಿಮ್ಮದಾ, ನೋಡಿ ಈ ಕಡೆ. ನೋಡಲಿಲ್ಲ. ಒಂದು ತಿಂಗಳಿಂದ ಈ ಮುಖಕ್ಕೆ ಕಾದಿದ್ದೆ, ಹೇಗೆ ಬಿಳಚಿಕೊಳ್ಳುತ್ತೆ, ಬಾಯಿ ಹೇಗೆ ಒಣಗುತ್ತೆ, ಗೊತ್ತಿರಲಿಲ್ಲಪ್ಪಾ ಅಂತಾಳೆ, ಅದಕ್ಕೂ ಉತ್ತರ ಇಟ್ಟುಕೊಂಡಿದ್ದೆ — ಅದನ್ನೂ ಅನ್ನಲಿಲ್ಲ, ಎಡಕ್ಕೆ ತಿರುಗಿಸಿದ್ದೇ ಬಾಯಿ ಮುಚ್ಚಿದಳಲ್ಲ, ಯಾರೂ ಏನೂ ಹೇಳೋ ಮೊದಲೇ, ಗೊತ್ತಿತ್ತು, ಇವಳಿಗೆ ಗೊತ್ತಿತ್ತು, ಆ ಕೈ ಎತ್ತಿದಾಗಲೂ ಗೊತ್ತಿತ್ತು. ನಿಮ್ಮಜ್ಜಿಗೆ ಜಾಗ ಕೊಡಿಸ್ತೀನಿ, ಅಂದಳು ಕಡಲಿಗೆ, ಅಜ್ಜನ ಪಕ್ಕದಲ್ಲೇ, ಈಗ ದಡಕ್ಕೆ ಹೋಗೋಣ ಗೆಥಿನ್, ನನಗೆ ಚಳಿ. ಕೊಡಿಸ್ತಾಳಂತೆ, ಬೇಲಿ ಸಂದಿಯಿಂದ ಮೂಳೆ ಎಸೆದ ಹಾಗೆ, ನೈನ್ ಇದಕ್ಕೂ ಹೂಂ ಅಂದುಬಿಡ್ತಾಳೆ, ಗೊತ್ತು ನನಗೆ, ನಾನು ಅನ್ನಲ್ಲ, ದೀಪ ನಮ್ಮನೇದು ಅಂತ ಭಾನುವಾರ ಆ ಪೀಠದಲ್ಲೇ ನಿಂತು ಹೇಳು, ಈಗ ಇಲ್ಲಿ ಮುಖ ತೋರಿಸಿ ಹೇಳು, ಅಲ್ಲೀವರೆಗೆ ಎಂಜಿನ್ ಮುಟ್ಟಲ್ಲ, ತಿರುಗು, ಗೆಥಿನ್ ಸಾಕು ಬಿಡೋ, ನೀವು ಸುಮ್ಮನಿರಿ ಮೇಷ್ಟ್ರೇ, ತಿರುಗು, ಗಾಳಿಗೆ ಒಂದೆಳೆ ಕೂದಲು ಬಿಚ್ಚಿ ಕತ್ತಿನ ಮೇಲೆ ಆಡ್ತಿದೆ, ಅದನ್ನೂ ಸರಿಸಿಕೊಳ್ಳಲ್ಲ, ತಿರುಗು, ಬಿಳೀ ಕತ್ತು, ಒಂದೆಳೆ ಕೂದಲು, ತಿರುಗು, ಕತ್ತು —