ಹತ್ತಿಕಾಳು ನೆನೆಸಿದ ಬಕೆಟ್ಟು

ಸರಪಳಿ ಸಣ್ಣಗೆ ಕಿಣಿ ಎಂದಿತು. ರಾತ್ರಿ ಒಂದು ಗಂಟೆ ಮೀರಿತ್ತು. ಮಲಗಿದರೂ ಮನೆಯ ಕಾವಲು ತನ್ನದೇ ಎಂಬಂತೆ ಮಲಗುವ ರಾಜೇಶ್ವರಿ ಎದ್ದು, ಮೊಬೈಲಿನ ಬೆಳಕು ಹಿಡಿದು ಕೊಟ್ಟಿಗೆಗೆ ಹೋದಳು.

ಎಮ್ಮೆ ಚಂದ್ರಿ ಕುತ್ತಿಗೆ ಚಾಚಿ ನಿಂತಿತ್ತು. ಬೆಳಗಿನ ಹಾಲು ಕರೆಯುವ ಹೊತ್ತಿಗೆಂದು ಅತ್ತೆ ಸಾವಂತ್ರೆವ್ವ ಹತ್ತಿಕಾಳು ನೆನೆಸಿಟ್ಟ ಬಕೆಟ್ಟು ಅದರ ಮೂತಿಗೆ ಗೇಣು ದೂರದಲ್ಲಿತ್ತು. ಬಕೆಟ್ಟಿನ ನೀರು ಕೆಂಪಗಾಗಿತ್ತು.

ರಾಜೇಶ್ವರಿ ಬಕೆಟ್ಟನ್ನು ಇನ್ನಷ್ಟು ದೂರ ಎಳೆದಳು. ಕೈ ಹಾಕದೆ ಕಡ್ಡಿಯಿಂದ ಕೆದಕಿದಳು. ನಾರು ಮೆತ್ತಿದ ಬೂದು ಕಾಳುಗಳ ನಡುವೆ ನುಣ್ಣನೆಯ ಕೆಂಪು ಕಾಳುಗಳು. ಬಿತ್ತಿ ಉಳಿದ ಬಿಟಿ ಹತ್ತಿಯ ಬೀಜ, ಹುಳ ಹತ್ತದಿರಲೆಂದು ವಿಷ ಬಳಿದದ್ದು. ಗೋಡೆಯ ಗೂಡಿನಲ್ಲಿದ್ದ ಆ ಬೀಜದ ಪಾಕೀಟು ಖಾಲಿಯಾಗಿತ್ತು.

ಉಳಿದ ಬೀಜ ಚೆಲ್ಲಬಾರದು, ದನದ ಬಾಯಿಗೇ ಹೋಗಬೇಕು ಎಂಬುದು ಸಾವಂತ್ರೆವ್ವ ತನ್ನ ಅತ್ತೆಯಿಂದ ಕಲಿತ ಮಾತು. ವಿಷ ಬಳಿಯದ ಮನೆಬೀಜದ ಕಾಲಕ್ಕೆ ಅದು ಸರಿಯೇ. ಪಾಕೀಟಿನ ಅಕ್ಷರ ಅವಳಿಗೆ ಬಾರದು. ಕಣ್ಣಿಗೆ ಪೊರೆ ಬಂದ ಮೇಲೆ ಕೆಂಪೂ ಕಾಣದು.

ವರ್ಷ ತುಂಬಿದಾಗಿನಿಂದ ರಾಜೇಶ್ವರಿಯ ಮಗಳು ಬೆಳೆದದ್ದು ಚಂದ್ರಿಯ ಹಾಲಿನಲ್ಲೇ. ಆ ಹಾಲಿಗೂ ರಾಜೇಶ್ವರಿ ಅಂಜಿದವಳು. ತಮ್ಮೂರು ತಿರ್ಲಾಪುರದ ಹೊಲದ ಹತ್ತಿಯೆಲ್ಲ ಬಿಟಿ, ಎಮ್ಮೆ ತಿನ್ನುವ ಕಾಳೂ ಅದೇ. ಬೀಜದ ಜೀನು ಬದಲಿಸಿದ್ದು ಹಾಲಿಗೆ ಇಳಿಯದೇ? ಕೇಳಿದಾಗ ದನದ ಡಾಕ್ಟರು ಕಿರಣಕುಮಾರ ನಕ್ಕಿರಲಿಲ್ಲ. "ಎಮ್ಮಿ ಹೊಟ್ಟ್ಯಾಗ ಕರಗಿ ಹೋಗತೈತ್ರಿ ಅಕ್ಕಾರ. ಬಿಟಿ ಬಂದು ಇಪ್ಪತ್ತು ವರ್ಷಾತು, ನಾನೂ ಇಂಥಾದ ಹಾಲಿನ ಚಾ ಕುಡಿಯಾಂವ" ಎಂದಿದ್ದ. ಆದರೂ ದಿನಾ ಬಕೆಟ್ಟು ಇಣುಕುವ ಚಟ ಅವಳನ್ನು ಬಿಟ್ಟಿರಲಿಲ್ಲ. ಬೀಜದ ಒಳಗಿನದಕ್ಕೆ ಅಂಜುತ್ತ ಕೂತವಳಿಗೆ ಗಂಡಾಂತರ ಸಿಪ್ಪೆಯ ಮೇಲೆ ಬಂದಿತ್ತು.

ಹಿತ್ತಲಲ್ಲಿ ಮೊಣಕೈ ಆಳ ತಗ್ಗು ತೋಡಿ ಎಲ್ಲವನ್ನೂ ಹುಗಿದಳು. ಆ ಬಕೆಟ್ಟನ್ನು ಮೂಲೆಗೆ ಬೋರಲು ಹಾಕಿ, ಸೋಪು ಹಚ್ಚಿ ಕೈ ತೊಳೆದು, ಹೊಸದರಲ್ಲಿ ಚೀಲದ ಒಳ್ಳೆಯ ಕಾಳು ನೆನೆಸಿದಳು.

"ಯಾಕ ಬೇ ರಾಜಿ, ನಿದ್ದಿ ಬರವಲ್ದೇನು?" ಒಳಗಿನಿಂದ ಸಾವಂತ್ರೆವ್ವ.

"ಚಂದ್ರಿ ಸರಪಳಿ ಜಗ್ಗಾಕತ್ತಿತ್ತುರಿ ಅತ್ತಿ."

"ನಿನ್ನ ಜೀನು ಬಂದಿತ್ತೇನ ಮತ್ತ? ನೋಡ, ಬಕೆಟ್ಟಿನ್ಯಾಗ ಕುಂತಿರಬೇಕು."

"ಇಲ್ರಿ, ಎಲ್ಲಾ ಛಲೋ ಐತಿ. ನಾಳಿ ಹುಬ್ಬಳ್ಳಿಗೆ ಹೋಗೂಣ್ರಿ, ನಿಮ್ಮ ಕಣ್ಣು ತೋರಸೂಣು."

"ನನ್ನ ಕಣ್ಣಿಗೇನಾಗೇತಿ? ಕತ್ತಲಾಗ ನೀ ಎದ್ದಿದ್ದು ಕಂಡಿಲ್ಲೇನು?"

ರಾಜೇಶ್ವರಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರು. ಗಂಡ ಹುಲಿಗೇಶನಿಗೆ ತಿಳಿದರೆ ನಾಳೆಯಿಂದಲೇ ಬಕೆಟ್ಟು ಅತ್ತೆಯ ಕೈ ತಪ್ಪುತ್ತದೆ. ಬಾಣಂತನದಲ್ಲಿ ರಾತ್ರಿಯೆಲ್ಲ ಮಗುವನ್ನು ತಟ್ಟಿ, ಸೊಸೆಗೆ ನಿದ್ದೆ ಕೊಟ್ಟ ಕೈ ಅದು. ಇನ್ನು ಮೇಲೆ ಬಿತ್ತುವ ಬೀಜ ತನ್ನ ಟ್ರಂಕಿನಲ್ಲಿರಲಿ, ಬೀಗ ಹಾಕಿ.

ಚಂದ್ರಿ ಎಷ್ಟು ಜಗ್ಗಿದರೂ ಸರಪಳಿ ಬಿಡದೆ, ಅಲುಗದೆ ನಿಂತ ಗೂಟವನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಚಂದ್ರಿಯ ಹಣೆ ಸವರಿದಳು. ಈ ರಾತ್ರಿಯ ಮಾತು ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿ, ಮತ್ತೊಮ್ಮೆ ಕೈ ತೊಳೆದುಕೊಂಡು ಒಳಗೆ ಹೋದಳು.