ಒಂದನೇ ಪ್ಯಾರಾ ಪೂರ್ತಿ ಸುಳ್ಳು

೧.

ಹೇಗೆ ಶುರು ಮಾಡಲಿ? ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ದೇವರನ್ನು ನೆನೆದು, ಗುರುಗಳಿಗೆ ಕೈಮುಗಿದು, ಕೇಳುವವರ ಕಿವಿಗೆ ಒಳ್ಳೆಯದಾಗಲಿ ಎಂದು ಹರಸಿ ನೇರ ಕಥೆಗೆ ಇಳಿಯುತ್ತಿದ್ದರು. ನಾನು ನೆನೆಯಬೇಕಾಗಿರುವುದು ಒಬ್ಬ ವಕೀಲರನ್ನು. ಅವರಿಗೆ ಮೂವತ್ತೆರಡು ವರ್ಷದ ಅನುಭವ. ಕೈಮುಗಿಯೋಣವೆಂದರೆ ಕೈ ಏಳುತ್ತಿಲ್ಲ.

ಮೊದಲ ಡ್ರಾಫ್ಟು ಹೀಗಿತ್ತು: 'ಮಧ್ಯಾಹ್ನದ ಬಿಸಿಲು ಕೋರ್ಟಿನ ಮೆಟ್ಟಿಲುಗಳ ಮೇಲೆ ದಣಿದು ಮಲಗಿತ್ತು.' ಹರಿದು ಹಾಕಿದೆ. ಬಿಸಿಲು ಎಲ್ಲಾದರೂ ಮಲಗುತ್ತದೆಯೇ? ಇಂಥ ವಾಕ್ಯ ಬರೆಯುವವರಿಗೂ ಮೂವತ್ತೆರಡು ವರ್ಷದ ಅನುಭವ ಇರುತ್ತದೆ.

ಎರಡನೆಯದು: 'ಅವಳಿಗೆ ನೋಟಿಸು ಬಂತು.' ಇದು ಪರವಾಗಿಲ್ಲ. ಇಟ್ಟುಕೊಳ್ಳುತ್ತೇನೆ.

೨.

ಅವಳಿಗೆ ನೋಟಿಸು ಬಂತು. ಅವಳೆಂದರೆ ಬೀದಿಯವರೆಲ್ಲ ಹೊಲಿಗೆಯಕ್ಕ ಎಂದು ಕರೆಯುವ ಹೆಂಗಸು. ರಸ್ತೆಗೆ ಬಾಗಿಲಿರುವ ಒಂದು ಕೋಣೆ, ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು, ಗೋಡೆಯ ಮೊಳೆಗಳಲ್ಲಿ ತೋಳಿಲ್ಲದೆ ನೇತಾಡುವ ಅರ್ಧ ಹೊಲಿದ ಯೂನಿಫಾರ್ಮುಗಳು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಬಾಡಿಗೆಗಿದ್ದಾಳೆ. ಮಾಲೀಕರು ತೀರಿಕೊಂಡ ಮೇಲೆ ಅವರ ಅಳಿಯ ತನ್ನ ವಕೀಲನಿಂದ ಕಾಗದ ಬರೆಸಿದ. ಅದರಲ್ಲಿ ನಾಲ್ಕು ಪ್ಯಾರಾ. ಒಂದು: ನೀವು ಈ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆದಾರರಾಗಿದ್ದೀರಿ. ಎರಡು: ಕೋಣೆಯನ್ನು ಹಾಳುಗೆಡವಿದ್ದೀರಿ. ಮೂರು: ಬಿಟ್ಟುಕೊಡುತ್ತೇನೆಂದು ಮಾತು ಕೊಟ್ಟು ತಪ್ಪಿದ್ದೀರಿ. ನಾಲ್ಕು: ಹದಿನೈದು ದಿನದೊಳಗೆ ಉತ್ತರ ಕಳಿಸದಿದ್ದರೆ ಇವೆಲ್ಲವನ್ನೂ ನೀವು ಒಪ್ಪಿದ್ದೀರೆಂದು ತಿಳಿದು ಮುಂದುವರಿಯುತ್ತೇವೆ.

(ಓದುಗರೇ, ಒಂದನೇ ಪ್ಯಾರಾ ನೆನಪಿಟ್ಟುಕೊಳ್ಳಿ. ಅವಳ ವಕೀಲರು ಇಟ್ಟುಕೊಳ್ಳಲಿಲ್ಲ.)

ಕೋಣೆ ಹೋದರೆ ಅವಳಿಗೆ ಬೇರೆ ಜಾಗವೇ ಇಲ್ಲವೆಂದಲ್ಲ. ಅಕ್ಕನ ಮನೆಯ ಹಿಂಬದಿಯಲ್ಲಿ, ನೀರಿನ ಪಂಪಿನ ಪಕ್ಕ ಒಂದು ಮೂಲೆಯಿದೆ. ಭಾವ ಅದನ್ನು ಗುಡಿಸಿ ಸಿದ್ಧವಾಗಿಟ್ಟಿದ್ದಾರೆ. ಅಲ್ಲಿ ಮಿಷನ್ನು ಹಾಕಿಕೊಂಡರೆ ಬದುಕಿರುವವರೆಗೂ ಭಾವನ ಉಪದೇಶ ಕೇಳುತ್ತಾ ಹೊಲಿಯಬಹುದು. ಅವಳು ಹೆದರಿದ್ದು ಕೋರ್ಟಿಗಲ್ಲ, ಆ ಮೂಲೆಗೆ.

೩.

ಭಾವ ಎಂಥವರೆಂದು ನಾನೇ ಹೇಳಿದರೆ ಚಾಡಿಯಾಗುತ್ತದೆ. ಅವರೇ ಮಾತಾಡಲಿ.

"ಪಕ್ಕದ ಬೀದೀಲಿ ಒಬ್ಬರು ಲೇಡಿ ಲಾಯರ್ ಇದ್ದಾರಂತೆ ಭಾವ. ಬರೀ ಬಾಡಿಗೆ ಕೇಸೇ ನೋಡ್ತಾರಂತೆ."

"ಬರೀ ಬಾಡಿಗೆ ಕೇಸು ನೋಡ್ತಾರೆ ಅಂದ್ರೆ ಬೇರೆ ಯಾವುದೂ ಬರಲ್ಲ ಅಂತ ತಾನೆ?"

"ನಂದು ಬಾಡಿಗೆ ಕೇಸೇ ಅಲ್ವಾ?"

"ಇವತ್ತು ಬಾಡಿಗೆ. ನಾಳೆ ಏನಾಗುತ್ತೋ ಯಾರು ಕಂಡಿದ್ದಾರೆ? ಜನರಲ್ ಪ್ರಾಕ್ಟೀಸ್ ಇರೋರನ್ನ ಹಿಡೀಬೇಕಮ್ಮ. ಎಕ್ಸ್‌ಪೀರಿಯೆನ್ಸ್ ಅನ್ನೋದು ತಲೆ ನೋಡಿದ್ರೇ ಗೊತ್ತಾಗಬೇಕು."

ಭಾವ ಹಿಡಿದ ವಕೀಲರ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಭಾವನಿಗೆ ಅಷ್ಟು ಸಾಕಾಯಿತು. ಹೊಲಿಗೆಯಕ್ಕ ವಕಾಲತ್ತಿಗೆ ಸಹಿ ಹಾಕಿದಳು.

೪.

ಆಫೀಸಿನ ಹೊರಗೆ ಬೋರ್ಡು: ವಿಚ್ಛೇದನ, ಪಾಲು, ಅಪಘಾತ, ಉಯಿಲು, ದತ್ತು, ಗಡಿ ತಕರಾರು, ಹೆಸರು ಬದಲಾವಣೆ. ಹುಟ್ಟಿದಾಗಿನಿಂದ ಸಾಯುವವರೆಗೆ ಮನುಷ್ಯನಿಗೆ ಬರಬಹುದಾದ ಕಷ್ಟಗಳೆಲ್ಲ ಅಲ್ಲಿದ್ದವು, ಈ ವಕೀಲರನ್ನು ಗೊತ್ತುಮಾಡಿಕೊಳ್ಳುವ ಕಷ್ಟವೊಂದನ್ನು ಬಿಟ್ಟು.

ಒಳಗೆ ವಕೀಲರು ನೋಟಿಸನ್ನು ತೂಕ ನೋಡುವವರಂತೆ ಅಂಗೈ ಮೇಲೆ ಇಟ್ಟುಕೊಂಡು, ಗುಮಾಸ್ತನಿಗೆ ದಾಟಿಸಿದರು.

"ಎಷ್ಟು ಪ್ಯಾರಾ?"

"ನಾಲ್ಕು ಸಾರ್."

"ನಾಲ್ಕೂ ಹಾಕು."

ಇದು ಆ ಆಫೀಸಿನ ಪದ್ಧತಿ. ಬಂದ ಕಾಗದವನ್ನು ಓದುವುದಿಲ್ಲ, ಪ್ಯಾರಾ ಎಣಿಸುತ್ತಾರೆ. ಗುಮಾಸ್ತನ ಕಂಪ್ಯೂಟರಿನಲ್ಲಿ ಉತ್ತರ ಸದಾ ಸಿದ್ಧ: 'ಒಂದನೇ ಪ್ಯಾರಾ ಪೂರ್ತಿ ಸುಳ್ಳು. ನನ್ನ ಕಕ್ಷಿದಾರರು ಅದನ್ನು ನಿರಾಕರಿಸುತ್ತಾರೆ.' ಎದುರಿನವರು ಎಷ್ಟು ಪ್ಯಾರಾ ಬರೆದಿದ್ದಾರೋ ಅಷ್ಟು ಸಲ. ಗಂಡ ಹೆಂಡತಿಯ ಜಗಳಕ್ಕೂ ಅದೇ, ಬಸ್ಸಿಗೆ ಬಸ್ಸು ಗುದ್ದಿದ್ದಕ್ಕೂ ಅದೇ. ಮೂವತ್ತೆರಡು ವರ್ಷದಲ್ಲಿ ಬದಲಾದದ್ದು ಟೈಪ್‌ರೈಟರು ಮಾತ್ರ.

"ಒಂದ್ಸಲ ಗಟ್ಟಿಯಾಗಿ ಓದ್ತೀರಾ?" ಎಂದಳು ಹೊಲಿಗೆಯಕ್ಕ.

ಗುಮಾಸ್ತ ಓದಿದ. 'ಪೂರ್ತಿ ಸುಳ್ಳು' ಎಂಬುದು ಪಲ್ಲವಿಯ ಹಾಗೆ ಮತ್ತೆ ಮತ್ತೆ ಬಂತು. ಭಾವ ತಲೆದೂಗಿದರು, ತಾಳ ಹಾಕಲಿಲ್ಲ ಅಷ್ಟೇ. ಕಣ್ಣು ಮೋಸ ಹೋಗುತ್ತದೆ, ಕಿವಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

"ಎರಡನೇದು, ಮೂರನೇದು ಸುಳ್ಳು ಅಂದಿದ್ದು ಸರಿ," ಎಂದಳು. "ಒಂದನೇದು ನಿಜ ಅಲ್ವಾ ಸಾರ್?"

"ತಾಯಿ, ನಿಜ ಸುಳ್ಳು ಎಲ್ಲ ಆಮೇಲೆ. ಮೊದಲು ನಿರಾಕರಿಸಬೇಕು. ಬಿಟ್ರೆ ಒಪ್ಪಿಕೊಂಡ ಹಾಗೆ."

"ಒಪ್ಪಿಕೊಳ್ಳೋಣ. ನಾನು ಬಾಡಿಗೆಗೆ ಇದ್ದೀನಿ ಅಂತ ಅವರೇ ಬರೆದುಕೊಟ್ಟಿದ್ದಾರೆ. ಅಲ್ಲ ಅಂತ ನಾನು ಹೇಳಿದ್ರೆ ಇಪ್ಪತ್ತೆರಡು ವರ್ಷ ನಾನಲ್ಲಿ ಯಾರು? ಬೀಗ ಒಡೆದು ಒಳಗೆ ಕೂತೋಳಾ?"

ವಕೀಲರು ಭಾವನ ಕಡೆ ನೋಡಿದರು. ಭಾವ ಅವಳ ಕಡೆ ನೋಡಿದರು.

"ತಿಳಿದೋರು ಹೇಳುವಾಗ ಮಧ್ಯೆ ಬಾಯಿ ಹಾಕಬಾರದಮ್ಮ. ಅವರಿಗೆ ಅನುಭವ ಇದೆ."

"ಅನುಭವ ಅವರದ್ದು ಭಾವ. ಕೋಣೆ ನಂದು."

"ಆ ಮೂಲೆ ಇದೆಯಲ್ಲಮ್ಮ, ಯಾಕೆ ಹೆದರ್ತೀಯ?"

ವಕೀಲರು ಕಾಗದಕ್ಕೆ ಸಹಿ ಹಾಕಿ ಗುಮಾಸ್ತನ ಕಡೆ ತಳ್ಳಿದರು.

೪. (ಮತ್ತೊಮ್ಮೆ)

ವಕೀಲರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಈ ಕಥೆಯ ಹಿಂದಿನ ಡ್ರಾಫ್ಟಿನಲ್ಲಿ, ಉತ್ತರದ ಕೊನೆಗೆ 'ನನ್ನ ಕಕ್ಷಿದಾರರ ಲಾರಿ ಆ ದಿನ ಗ್ಯಾರೇಜಿನಲ್ಲಿತ್ತು' ಎಂಬ ಸಾಲು ಯಾವುದೋ ಹಳೆಯ ಕೇಸಿನಿಂದ ಉಳಿದುಬಿಟ್ಟಿತ್ತು ಎಂದು ಬರೆದಿದ್ದೆ.

"ಲಾರಿ ನೀವು ಸೇರಿಸಿದ್ದು," ಎಂದರು. "ನನ್ನ ಗುಮಾಸ್ತ ಅಷ್ಟು ದಡ್ಡ ಅಲ್ಲ. ಓದೋರನ್ನ ನಗಿಸೋಕೆ ನಮ್ಮ ಮರ್ಯಾದೆ ಬೇಕಾ ನಿಮಗೆ?"

"ಒಪ್ಪಿದೆ ಸಾರ್. ಲಾರಿ ವಾಪಸ್."

"ಒಂದನೇ ಪ್ಯಾರಾ ವಿಷಯಾನೂ ವಾಪಸ್ ತಗೊಳ್ಳಿ."

"ಅದು ನನ್ನದಲ್ಲ, ನಿಮ್ಮದು."

"ನಿರಾಕರಿಸ್ತೀನಿ," ಎಂದರು. ಅಭ್ಯಾಸಬಲ.

೫.

ಇಂಥ ಕಥೆಗಳಲ್ಲಿ ಎರಡು ಮೂರು ಮುಕ್ತಾಯ ಬರೆದು ಓದುಗರ ತಲೆಗೆ ಕಟ್ಟುವುದು ರೂಢಿ. ನೆಟ್ಟಗೆ ಒಂದು ಬರೆಯಲು ಬಾರದವನಿಗೆ ಇದಕ್ಕಿಂತ ಅನುಕೂಲ ಬೇರೆಯಿಲ್ಲ.

ಮುಕ್ತಾಯ ಅ: ಉತ್ತರ ಅಂಚೆಗೆ ಬೀಳುತ್ತದೆ. ಅಳಿಯನ ವಕೀಲ ಓದುವ ಚಟ ಇರುವವನು. 'ಬಾಡಿಗೆದಾರಳಲ್ಲವೆಂದು ಆಕೆಯೇ ಹೇಳಿದ್ದಾಳೆ, ಇನ್ನೇನು ಬೇಕು?' ಎನ್ನುತ್ತಾನೆ. ಕೋಣೆ ಹೋಗುತ್ತದೆ. ಭಾವ 'ಹಣೆಬರಹ' ಎನ್ನುತ್ತಾರೆ. ನೀವು ಕಣ್ಣೊರೆಸಿಕೊಂಡು ಕಾಫಿಗೆ ಏಳುತ್ತೀರಿ.

ಮುಕ್ತಾಯ ಆ: ಅಳಿಯನ ವಕೀಲನಿಗೂ ಮೂವತ್ತೆರಡು ವರ್ಷದ ಅನುಭವ. ಅವನೂ ಓದುವುದಿಲ್ಲ. ಇಬ್ಬರೂ ಸೇರಿ ಹನ್ನೊಂದು ವರ್ಷ ಕೇಸು ನಡೆಸುತ್ತಾರೆ. (ಮೂರರಲ್ಲಿ ಇದೇ ಹೆಚ್ಚು ನಂಬುವಂಥದು.)

ಮುಕ್ತಾಯ ಇ: ವಕೀಲರಿಗೆ ಜ್ಞಾನೋದಯವಾಗುತ್ತದೆ. ನಗಬೇಡಿ, ಪುರಾಣಗಳಲ್ಲಿ ಆಗುತ್ತಿತ್ತು.

ಹೊಲಿಗೆಯಕ್ಕನಿಗೆ ಮೂರನ್ನೂ ಓದಿ ಹೇಳಿದೆ. ದಾರ ಕಚ್ಚಿ ತುಂಡರಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಅಳತೆ ತೆಗೆಯುವ ಹಾಗೆ.

"ಒಬ್ಬರು ಗೆಲ್ತಾರೆ, ಒಬ್ಬರು ಎಳೆದಾಡ್ತಾರೆ, ಒಬ್ಬರಿಗೆ ಬುದ್ಧಿ ಬರುತ್ತೆ. ಮೂರರಲ್ಲೂ ನಾನು ಏನು ಮಾಡ್ತಿದ್ದೀನಿ?"

"ಅನುಭವಿಸ್ತಿದ್ದೀರಿ ಅಕ್ಕ. ನೀವು ಮುಖ್ಯ ಪಾತ್ರ."

"ನೀವೂ ಓದದೇ ಉತ್ತರ ಹಾಕೋ ಪೈಕೀನೇ. ಇವತ್ತು ಹದಿನೈದನೇ ದಿನ. ಅಂಚೆ ಕಚೇರಿ ಕೌಂಟರು ನಾಲ್ಕು ಗಂಟೆಗೆ ಮುಚ್ಚುತ್ತೆ. ನೀವು ಅ ಆ ಇ ತಿದ್ದುತ್ತಾ ಕೂತಿದ್ದೀರಿ. ನನ್ನನ್ನ ಆಫೀಸಿಗೆ ಕಳಿಸಿ. ಭಾವನ್ನ ಜೊತೆಗೆ ಹಾಕಬೇಡಿ."

ಕಳಿಸಿದೆ. ಭಾವನನ್ನು ಹಾಕಲಿಲ್ಲ.

೬.

ಮೂರೂ ಕಾಲು. ಗುಮಾಸ್ತ ಲಕೋಟೆಗೆ ಅಂಟು ಹಚ್ಚುತ್ತಿದ್ದ. ಅವಳು ಕೈ ಚಾಚಿ ಕಾಗದ ತೆಗೆದುಕೊಂಡು, ಗೋಡೆಯ ಬೆಂಚಿನಲ್ಲಿ ಕೂತು, ಒಂದನೇ ಪ್ಯಾರಾದ 'ಪೂರ್ತಿ ಸುಳ್ಳು' ಎಂಬುದಕ್ಕೆ ನೆಟ್ಟಗೆ ಒಂದು ಗೆರೆ ಎಳೆದಳು. ಆಮೇಲೆ 'ನಿರಾಕರಿಸುತ್ತಾರೆ' ಎಂಬುದಕ್ಕೂ. ಮೇಲೆ ಬರೆದಳು: ನಿಜ, ಒಪ್ಪಿದ್ದೇನೆ.

"ಇದೇನು ಮಾಡಿದ್ರಿ. ಸಾರ್ ಸಹಿ ಆದ ಕಾಗದಕ್ಕೆ ಇದುವರೆಗೆ ಯಾರೂ ಕೈ ಹಚ್ಚಿಲ್ಲ."

"ತಪ್ಪು ಹೊಲಿಗೆ ಬಿಚ್ಚಲೇಬೇಕು ಗುಮಾಸ್ತರೇ. ಹಾಕ್ಕೊಂಡೋರು ಬೀದೀಲಿ ನಡೀಬೇಕಲ್ಲ."

"ತಿದ್ದಿದ ಜಾಗದಲ್ಲಿ ಸಾರ್ ಮತ್ತೆ ಸಹಿ ಹಾಕಬೇಕು. ಅವರು ಕೋರ್ಟಲ್ಲಿದ್ದಾರೆ."

"ಬರಲಿ."

"ಬಂದ್ರೂ ಹಾಕಲ್ಲ."

"ಹಾಕಲ್ಲ ಅಂತ ಅವರೇ ಹೇಳಲಿ. ಆಮೇಲೆ ಒಂದು ಬಿಳಿ ಹಾಳೆ ಕೊಡಿ. ನಾನೇ ಬರೆದು ನನ್ನ ಸಹಿ ಹಾಕಿ ಕಳಿಸ್ತೀನಿ. ಅಳಿಯ ಕೇಳಿರೋದು ನನ್ನನ್ನ ತಾನೆ?"

ಗುಮಾಸ್ತ ಒಂದು ಬಿಳಿ ಹಾಳೆ ಕೊಟ್ಟು, ಅಂಟಿನ ಬಾಟಲಿಯ ಮುಚ್ಚಳ ಹುಡುಕತೊಡಗಿದ. ಕಕ್ಷಿದಾರಳಿಗೂ ಕೈಯಿದೆ, ಕೈಗೆ ಬರವಣಿಗೆಯಿದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. (ನನಗೂ.)

ಮೂರೂವರೆ. ಕೆಳಗೆ ಮೆಟ್ಟಿಲಲ್ಲಿ ಬೂಟಿನ ಸದ್ದು. ವಕೀಲರೇ ಇರಬಹುದು. ಹಿಂದೆಯೇ ಚಪ್ಪಲಿಯ ಸದ್ದೂ ಇದೆ, ಯಾರೋ ಭಾವನಿಗೆ ಸುದ್ದಿ ಮುಟ್ಟಿಸಿರಬಹುದು.

ಇಲ್ಲಿಗೆ ಸಾಕು, ಒಳ್ಳೆಯ ಜಾಗ ಸಿಕ್ಕಿದೆ, ಮಂಗಳ ಹಾಡೋಣವೆಂದು ಪೆನ್ನಿನ ಮುಚ್ಚಳ ಹಾಕಲು ಹೊರಟೆ. ಹೊಲಿಗೆಯಕ್ಕ ಬೆಂಚಿನಿಂದಲೇ ತಲೆ ಎತ್ತಿದಳು.

"ಮುಗಿಸಬೇಡಿ. ಮುಗೀತು ಅಂದ ಕೂಡಲೇ ಕೂತೋರೆಲ್ಲ ಎದ್ದು ಜಾಗ ಖಾಲಿ ಮಾಡ್ತಾರೆ. ನಾನು ಏಳಲ್ಲ."

ಬಾಗಿಲ ಚಿಲಕ ಅಲ್ಲಾಡಿತು. ಗಂಟೆ ಮೂರು ಮೂವತ್ತೆರಡು. ಅವಳು ಬಿಳಿ ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಅಂಚನ್ನು ಅಂಗೈಯಿಂದ ಒತ್ತಿ ಸಮ ಮಾಡುತ್ತಿದ್ದಾಳೆ.