ಟಿ. ಆರ್. ಶ್ರೀನಿವಾಸಯ್ಯನವರ ನಾಲ್ಕು ಪ್ರಬಂಧಗಳು

ಅಮೆರಿಕದ ಮರ್ಸರ್ ಐಲ್ಯಾಂಡಿನ ರಾಮಕೃಷ್ಣ ತಮ್ಮ ತಂದೆಯ ಬರಹವನ್ನು ಕದ್ದಿದ್ದಾರೆಂದು ಕಂಪ್ಯೂಟರೊಂದು ತೀರ್ಮಾನಿಸಿದ್ದು 2016ರ ಮಾರ್ಚಿನಲ್ಲಿ. ರಾಮಕೃಷ್ಣರಿಗೆ ಆಗ ಎಪ್ಪತ್ತನಾಲ್ಕು. ತಂದೆ ತೀರಿಕೊಂಡು ಇಪ್ಪತ್ತೈದು ವರ್ಷವಾಗಿತ್ತು. ಅದಿರಲಿ, ತಂದೆ ಜನ್ಮದಲ್ಲಿ ಒಂದು ಪ್ರಬಂಧವನ್ನೂ ಬರೆದವರಲ್ಲ.

ಹೆಂಡತಿ ಸುಶೀಲಾ ಶನಿವಾರ ಬೆಳಿಗ್ಗೆ ಹತ್ತಿರದ ಊರು ಸಮಾಮಿಶ್‌ನ ಶ್ರೀವಿದ್ಯಾಗೆ ಫೋನು ಮಾಡಿದರು. ಶ್ರೀವಿದ್ಯಾ ಸಾಫ್ಟ್‌ವೇರಿನವಳು, ಮೈಸೂರಿನ ಕಡೆಯವಳು, ಈ ಮನೆಯ ಪ್ರಿಂಟರಿನಿಂದ ಹಿಡಿದು ಪಾಸ್‌ವರ್ಡಿನವರೆಗೆ ಎಲ್ಲಕ್ಕೂ ಅವಳೇ ವೈದ್ಯೆ.

"ಬರ್ತಾ ಸ್ವಲ್ಪ ಕರಿಬೇವು ತಗೊಂಡ್ಬಾರೆ. ಹಾಗೇ ನಿಮ್ಮಂಕಲ್‌ನ ಒಂದ್ಸಲ ನೋಡ್ಹೋಗು. ಕಳ್ಳತನದ ಕೇಸಾಗಿದೆ."

"ಏನಾಂಟಿ, ಯಾರ್ದು ಕದ್ರು?"

"ನಮ್ಮ ಮಾವನೋರ್ದು."

ರಾಮಕೃಷ್ಣ ಮೂವತ್ತು ವರ್ಷ ವಿಮಾನದ ಕಂಪನಿಯಲ್ಲಿದ್ದವರು. ಗಾಳಿಗೆ ರೆಕ್ಕೆ ಹೇಗೆ ನಡುಗುತ್ತದೆ ಎನ್ನುವುದೇ ಅವರ ಸಂಶೋಧನೆ. ನಿವೃತ್ತರಾದ ಮೇಲೆ ಊಟದ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿ, ನಾಲ್ಕು ವರ್ಷ ಕೂತು, ಕೊನೆಯದೊಂದು ಪ್ರಬಂಧ ಬರೆದಿದ್ದರು. ಮೊದಲಾಗಿದ್ದರೆ ಮೂರು ಪ್ರತಿ ಟೈಪು ಮಾಡಿಸಿ ಅಂಚೆಗೆ ಹಾಕಿ ಆರು ತಿಂಗಳು ಕಾಯಬೇಕಿತ್ತು. ಈಗ ಜರ್ನಲ್ಲಿನ ವೆಬ್‌ಸೈಟಿಗೆ ಏರಿಸಿದರೆ ಆರೇ ನಿಮಿಷದಲ್ಲಿ ಉತ್ತರ. ಹಿಂದೆ ಅಚ್ಚಾದ ಪ್ರಬಂಧಗಳ ಜೊತೆ ಹೊಸತನ್ನು ತಾಳೆ ನೋಡುವ ಯಂತ್ರ ಅವರಲ್ಲಿದೆಯಂತೆ. ಅದು ಹೇಳಿತು: ನಿಮ್ಮ ಬರಹದ ಶೇಕಡ ಮೂವತ್ತೆಂಟು ಭಾಗ ಟಿ. ಆರ್. ಶ್ರೀನಿವಾಸಯ್ಯ ಎಂಬವರ ನಾಲ್ಕು ಪ್ರಬಂಧಗಳಿಂದ ಬಂದದ್ದು. ಸೋಮವಾರದೊಳಗೆ ಸಮಜಾಯಿಷಿ ಕೊಡದಿದ್ದರೆ ತಿರಸ್ಕರಿಸಲಾಗುವುದು.

ಶ್ರೀವಿದ್ಯಾ ಪತ್ರ ಓದಿ ಕೇಳಿದಳು, "ನಿಮ್ಮ ತಂದೇನೂ ಏರೋಸ್ಪೇಸಾ ಅಂಕಲ್?"

"ಮೈಸೂರಲ್ಲಿ ಕಂಪೋಸಿಟರ್ ಕಣಮ್ಮಾ. ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ರು."

"ಮತ್ತೆ ಇದೆಲ್ಲ?"

"ನಂದೇ. ಹೆಸರು ಅವರ್ದು."

ವಿಷಯ ಇಷ್ಟೇ. ರಾಮಕೃಷ್ಣ ಊರಲ್ಲಿ ಟಿ. ಎಸ್. ರಾಮಕೃಷ್ಣ. ಮೊದಲು ಊರು ತಲಕಾಡು, ಆಮೇಲೆ ತಂದೆ ಶ್ರೀನಿವಾಸಯ್ಯ, ಕೊನೆಗೆ ತಾನು. 1972ರಲ್ಲಿ ಕೆಲಸಕ್ಕೆ ಸೇರಿದಾಗ ಕಂಪನಿಯ ಗುಮಾಸ್ತೆ ಮನೆತನದ ಹೆಸರು ಕೇಳಿದಳು. ನಮ್ಮಲ್ಲಿ ಅಂಥದ್ದಿಲ್ಲ ಎಂದರೆ ಬಿಡಲೊಲ್ಲಳು. ಸರಿ, ತಂದೆಯ ಹೆಸರನ್ನು ಕೊನೆಗಿಟ್ಟು, ಊರನ್ನೂ ತನ್ನನ್ನೂ ಮುಂದಿಟ್ಟು, ಟಿ. ಆರ್. ಶ್ರೀನಿವಾಸಯ್ಯ ಆದರು. ತಮಾಷೆ ಏನೆಂದರೆ ರಾಮಕೃಷ್ಣ ಅನ್ನುವುದು ಅವರಿಗಿಟ್ಟ ತಾತನ ಹೆಸರು. ತಾತನ ಮಗನಾದ ತಂದೆಯ ಪೂರ್ತಿ ಹೆಸರು ತಲಕಾಡು ರಾಮಕೃಷ್ಣಯ್ಯ ಶ್ರೀನಿವಾಸಯ್ಯ. ಅಂದರೆ ಅವರೂ ಟಿ. ಆರ್. ಶ್ರೀನಿವಾಸಯ್ಯನೇ. ಮೊದಲ ನಾಲ್ಕು ಪ್ರಬಂಧಗಳು ಆ ಹೆಸರಲ್ಲೇ ಅಚ್ಚಾದವು. ಆಮೇಲೆ ಹಳೆಯ ಹೆಸರಿಗೇ ಮರಳಿದರು.

ರಟ್ಟು ಹಾಕಿದ ಸಂಪುಟಗಳು ಲೈಬ್ರರಿಯಲ್ಲಿ ಮಲಗಿದ್ದಷ್ಟು ಕಾಲ ಯಾರಿಗೂ ತೊಂದರೆ ಇರಲಿಲ್ಲ. ಅವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದರು ನೋಡಿ, ವಿಜ್ಞಾನಿಗಳ ಪಟ್ಟಿ ಇಡುವ ವೆಬ್‌ಸೈಟೊಂದು ಶ್ರೀನಿವಾಸಯ್ಯನವರಿಗೆ ಒಂದು ಪುಟವನ್ನೇ ತೆರೆದುಬಿಟ್ಟಿತು. ಫೋಟೋ ಇಲ್ಲದ ಬೂದು ತಲೆ, ನಾಲ್ಕು ಪ್ರಬಂಧ, ಪಕ್ಕದಲ್ಲಿ ಒಂದು ಅಂಕಿ. ಬೇರೆ ಸಂಶೋಧಕರು ತಮ್ಮ ಬರಹಗಳಲ್ಲಿ ಎಷ್ಟು ಸಲ ಅವರನ್ನು ಹೆಸರಿಸಿದ್ದಾರೆ ಎನ್ನುವ ಲೆಕ್ಕ ಅದು.

ಎರಡು ವರ್ಷದಿಂದ ರಾಮಕೃಷ್ಣ ದಿನಾ ಕಾಫಿಯ ಜೊತೆ ಆ ಪುಟ ನೋಡುತ್ತಿದ್ದರು.

"ಏನಂತೆ ಮಾವನೋರ ಸ್ಕೋರು?" ಎನ್ನುತ್ತಿದ್ದರು ಸುಶೀಲಾ.

"ಇನ್ನೂರ ಹನ್ನೆರಡು. ಪೋಲೆಂಡಿಂದ ಒಂದು ಬಂತು."

ಒಮ್ಮೆ ಪ್ರಾಗ್‌ನಲ್ಲಿ ಭಾಷಣ ಮಾಡಲು ಶ್ರೀನಿವಾಸಯ್ಯನವರಿಗೆ ಆಹ್ವಾನವೂ ಬಂದಿತ್ತು. "ಚಳಿ ಜಾಸ್ತಿ, ಸ್ವೆಟರ್ ತಗೊಂಡ್ಹೋಗಕ್ಕೆ ಹೇಳಿ," ಎಂದಿದ್ದರು ಸೊಸೆ ಸುಶೀಲಾ.

ಶ್ರೀವಿದ್ಯಾ ಸುಲಭದ ದಾರಿ ತೋರಿಸಿದಳು. "ಇಬ್ಬರೂ ಒಬ್ಬರೇ ಅಂತ ಈ ಸೈಟಲ್ಲಿ ಸೇರಿಸಿಬಿಡಿ ಅಂಕಲ್. ಅದನ್ನೇ ಜರ್ನಲ್‌ಗೆ ತೋರಿಸಿದ್ರಾಯ್ತು. ಬರೀ ಮಾತಲ್ಲಿ ಹೇಳಿದ್ರೆ ಅವರು ನಂಬಲ್ಲ. ಒಂದು ಕ್ಲಿಕ್ ಅಷ್ಟೆ."

"ಅಪ್ಪನ ಪುಟ?"

"ಅದು ಹೋಗತ್ತೆ. ನಿಮ್ಮದರೊಳಗೆ ಸೇರ್ಕೊಳ್ಳತ್ತೆ."

ರಾಮಕೃಷ್ಣ ಲ್ಯಾಪ್‌ಟಾಪು ಮುಚ್ಚಿದರು. "ಪ್ರಬಂಧ ವಾಪಸ್ ತಗೋತೀನಿ ಬಿಡು."

"ಅಂಕಲ್, ನಾಲ್ಕು ವರ್ಷದ ಕೆಲಸ."

"ನಲವತ್ತು ವರ್ಷ ಅವರು ಬೇರೆಯೋರ ಹೆಸರು ಜೋಡಿಸಿದ್ರು ಕಣಮ್ಮಾ. ಮದುವೆ ಕಾಗದ, ಪ್ರಶ್ನೆಪತ್ರಿಕೆ, ಪ್ರೊಫೆಸರುಗಳ ಥೀಸಿಸ್ಸು. ಅವರ ಹೆಸರು ಎಲ್ಲೂ ಬರ್ಲಿಲ್ಲ. ಈಗ ಬಂದಿದೆ, ನಾನೇ ಅಳಿಸಲಾ?"

ಸುಶೀಲಾ ಅಡುಗೆಮನೆಯಿಂದ ಬಂದರು. "ನಾಲ್ಕು ವರ್ಷ ಅರ್ಧ ಟೇಬಲ್ ಮೇಲೆ ಊಟ ಮಾಡಿದೀನಿ ರೀ. ನನಗೂ ಒಂದು ಮಾತು ಕೇಳಿ." ಹಾಗೆಂದು ಒಳಗೆ ಹೋಗಿ ಬಿಸ್ಕತ್ತಿನ ತಗಡು ಡಬ್ಬಿ ತಂದು, ಹಳೆಯ ಕಾಗದಗಳ ನಡುವಿನಿಂದ ಪರದೇಶಕ್ಕೆ ಬರೆಯುವ ಒಂದು ನೀಲಿ ಏರೋಗ್ರಾಮ್ ಪತ್ರ ತೆಗೆದು ಶ್ರೀವಿದ್ಯಾಳ ಕೈಗಿತ್ತರು. "ಜೋರಾಗಿ ಓದೇ. ಇವರು ಇದನ್ನ ಮರ್ತಿದಾರೆ. ಮರ್ತಿರೋ ಥರ ಇದಾರೆ."

ಅಕ್ಷರ ಸಣ್ಣದು, ಸಾಲು ನೆಟ್ಟಗೆ. ಶ್ರೀವಿದ್ಯಾ ಓದಿದಳು:

"ಚಿ. ರಾಮಕೃಷ್ಣನಿಗೆ ಆಶೀರ್ವಾದಗಳು. ನೀನು ಕಳಿಸಿದ ನಾಲ್ಕು ಅಚ್ಚುಪ್ರತಿಗಳು ತಲುಪಿದವು. ವಿಷಯ ತಿಳಿಯಲಿಲ್ಲ. ಅಚ್ಚು ಚೆನ್ನಾಗಿದೆ. ಮೂರನೆಯದರ ಏಳನೇ ಪುಟದಲ್ಲಿ, ಕೆಳಗಿನಿಂದ ಎರಡನೇ ಸಮೀಕರಣದಲ್ಲಿ, ಒಂದು ಮೊಳೆ ತಲೆಕೆಳಗಾಗಿ ಕೂತಿದೆ. ಅದಕ್ಕಿಂತ ದೊಡ್ಡ ತಪ್ಪು, ನಿನ್ನ ಹೆಸರಿನ ಜಾಗದಲ್ಲಿ ನನ್ನದು ಬಿದ್ದಿದೆ. ಪ್ರೂಫ್ ನೋಡಿದವರು ಯಾರು? ಮುಂದಿನ ಮುದ್ರಣದಲ್ಲಿ ಸರಿಪಡಿಸುವುದು. ಪ್ರೆಸ್ಸಿನಲ್ಲಿ ಎಲ್ಲರಿಗೂ ತೋರಿಸಿದೆ."

ರಾಮಕೃಷ್ಣ ಲ್ಯಾಪ್‌ಟಾಪು ತೆರೆದು ಮೂರನೇ ಪ್ರಬಂಧದ ಏಳನೇ ಪುಟಕ್ಕೆ ಹೋದರು. ಕನ್ನಡಕವನ್ನು ಹಣೆಗೇರಿಸಿ, ಅಕ್ಷರಗಳನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದರು. ನಿಜ, ಒಂದು ಅಕ್ಷರ ಕಾಲು ಮೇಲಾಗಿ ನಿಂತಿತ್ತು. ಅದೇ ಸಮೀಕರಣವನ್ನು ಹಾಗೇ ಎತ್ತಿ ಹೊಸ ಪ್ರಬಂಧಕ್ಕೂ ಹಾಕಿಕೊಂಡಿದ್ದರು.

"ಇನ್ನೂರ ಹನ್ನೆರಡು ಜನ ಹೆಸರಿಸಿದಾರೆ," ಎಂದರು. "ಒಬ್ಬರಿಗೂ ಕಂಡಿಲ್ಲ."

"ಓದಿದ್ರೆ ತಾನೆ," ಎಂದಳು ಶ್ರೀವಿದ್ಯಾ.

"ಮುಂದಿನ ಮುದ್ರಣ ಬಂದಿದೆ ರೀ," ಎಂದರು ಸುಶೀಲಾ. "ಇನ್ನು ಕಾಯಿಸಬೇಡಿ ಅವರನ್ನ."

ರಾಮಕೃಷ್ಣ ಎರಡು ಪುಟ ಸೇರಿಸುವ ಗುಂಡಿ ಒತ್ತಿದರು. ಬೂದು ತಲೆ ಮಾಯವಾಯಿತು. ಈ ಹೆಸರಿನ ಲೇಖಕರು ನಮ್ಮಲ್ಲಿಲ್ಲ ಎಂದಿತು ಪುಟ. ಅವರು ಎದ್ದು ಹೋಗಿ ಕರಿಬೇವು ಬಿಡಿಸುತ್ತಾ ಕೂತರು. ಯಾರೂ ಹೇಳಿರಲಿಲ್ಲ.

ಪ್ರಬಂಧ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಕಾಗದದ ಪ್ರತಿ ಬರಲಿಲ್ಲ, ಜರ್ನಲ್ಲು ಅಚ್ಚು ಹಾಕುವುದನ್ನೇ ನಿಲ್ಲಿಸಿತ್ತು. ರಾಮಕೃಷ್ಣ ಮನೆಯ ಪ್ರಿಂಟರಿನಲ್ಲಿ ತೆಗೆದು, ಪ್ರತಿ ಪುಟದ ಅಂಚನ್ನೂ ಪರೀಕ್ಷಿಸಿದರು. ಕೊನೆಯಲ್ಲಿ ಕೃತಜ್ಞತೆ ಅಂತ ಒಂದೇ ಸಾಲು: ಹಿಂದಿನ ಸಮೀಕರಣದ ತಪ್ಪನ್ನು 1975ರಲ್ಲೇ ತೋರಿಸಿಕೊಟ್ಟ ಮೈಸೂರಿನ ಕಂಪೋಸಿಟರ್ ಟಿ. ಆರ್. ಶ್ರೀನಿವಾಸಯ್ಯನವರಿಗೆ.

ವಾರದೊಳಗೆ ಆ ವೆಬ್‌ಸೈಟಿನಿಂದ ಇಮೇಲು ಬಂತು. ಒಂದು ಹೊಸ ಪ್ರಬಂಧದಲ್ಲಿ ಟಿ. ಆರ್. ಶ್ರೀನಿವಾಸಯ್ಯ ಎಂಬ ಹೆಸರು ಸಿಕ್ಕಿದೆ. ಇದು ನೀವೇ? ಹೌದು, ಅಲ್ಲ ಎಂದು ಎರಡು ಗುಂಡಿ.

ರಾಮಕೃಷ್ಣ ಈ ಸಲ ಯೋಚಿಸಲಿಲ್ಲ. ಅಲ್ಲ ಎಂದು ಒತ್ತಿದರು. ಯಂತ್ರ ಕೊಂಚ ತಿಣುಕಿ, ಹೊಸ ಪುಟವೊಂದನ್ನು ತೆರೆಯಿತು. ಅದೇ ಬೂದು ತಲೆ.

ಸುಶೀಲಾ ಕಾಫಿ ಲೋಟ ಮುಂದಿಟ್ಟು ಬಗ್ಗಿ ನೋಡಿದರು. "ಏನಂತೆ ಮಾವನೋರ ಸ್ಕೋರು?"

"ಒಂದು," ಎಂದರು ರಾಮಕೃಷ್ಣ. "ಆದ್ರೆ ಇದು ಸ್ವಂತದ್ದು."

"ಹಾಗಾದ್ರೆ ಸ್ವೆಟರ್ ತೆಗೆದಿಡ್ತೀನಿ."